ಲೆಕ್ಕದ ಪುಸ್ತಕ ಕೋರ್ಟಿಗೆ ತೋರಿಸದಿದ್ದರೆ ದಾವೆ ವಜಾ ಆಗುತ್ತಾ?

ಗಂಗಾವತಿ ಕೋರ್ಟಿನಲ್ಲಿ ಭತ್ತದ ಬಾಕಿ ಹಣಕ್ಕೆ ನಿಮ್ಮ ಮಾವ ದಾವೆ ಹಾಕಿದ್ದಾರೆ. ಲೆಕ್ಕದ ಪುಸ್ತಕ ತೋರಿಸಿ ಅಂತ ಆದೇಶವಾದರೂ ತೋರಿಸಿಲ್ಲ, ಈಗ ಎದುರಿನವರು ವಜಾ ಅರ್ಜಿ ಹಾಕಿದ್ದಾರೆ. ಇದು ನಿಮ್ಮ ಚಿಂತೆ, ಅಲ್ವಾ?

ಹೌದು, ವಜಾ ಆಗಬಹುದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 11 (ಇಲ್ಲಿ ‘ಆದೇಶ’ ಅಂದರೆ ಸಂಹಿತೆಯ ಒಂದು ಅಧ್ಯಾಯ ಇದ್ದಂತೆ), ನಿಯಮ 21 ಇರುವುದೇ ಇದಕ್ಕೆ. ಪ್ರತಿವಾದಿ ಹೀಗೆ ಮಾಡಿದರೆ ಅವರ ಪ್ರತಿವಾದವನ್ನೇ ತೆಗೆದುಹಾಕಬಹುದು.

ಆದರೆ ಒಂದೇ ಏಟಿಗೆ ಆಗುವ ಕೆಲಸವಲ್ಲ. ನೋಟಿಸ್ ಕೊಟ್ಟು ನಿಮ್ಮ ಮಾತು ಕೇಳಲೇಬೇಕು. ಬೇಕಂತಲೇ ಆದೇಶ ಮೀರಿದಾಗ ಮಾತ್ರ, ಕೊನೆಯ ದಾರಿಯಾಗಿ ವಜಾ ಮಾಡಬೇಕು ಅಂತ ಸುಪ್ರೀಂ ಕೋರ್ಟ್ 1978ರ ಬಬ್ಬರ್ ಸ್ಯೂಯಿಂಗ್ ಮೆಷಿನ್ ಪ್ರಕರಣದಲ್ಲಿ ಹೇಳಿದೆ.

ಹಾಗಂತ ಸುಮ್ನೆ ಕೂರಬೇಡಿ. ನನಗೆ ಜಾಸ್ತಿ ಭಯ ಇರುವುದು ಇದೇ ನಿಯಮದ ಎರಡನೇ ಉಪನಿಯಮದ ಬಗ್ಗೆ: ಹೀಗೆ ವಜಾ ಆದರೆ ದಾವೆಗೆ ಮೂಲವಾದ ಅದೇ ಕಾರಣದ ಮೇಲೆ ಹೊಸ ದಾವೆ ಹಾಕುವಂತಿಲ್ಲ. ಬಾಕಿ ಎಷ್ಟೇ ನಿಜವಾಗಿದ್ದರೂ ಅಷ್ಟೇ.

ಪುಸ್ತಕ ಇದ್ದರೆ ಮುಂದಿನ ವಾಯಿದೆಗೇ ಹಾಜರುಪಡಿಸಿ. ಕಳೆದಿದ್ದರೆ ಅಫಿಡವಿಟ್‌ನಲ್ಲಿ (ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆ) ಹಾಗೇ ಬರೆಯಿರಿ: ಕೊನೆಗೆ ಯಾವಾಗ ಕೈಯಲ್ಲಿತ್ತು, ಆಮೇಲೆ ಏನಾಯ್ತು. ದಾಖಲೆಗಳ ಅಫಿಡವಿಟ್ ನಮೂನೆಯಲ್ಲೇ ಇದಕ್ಕೆ ಜಾಗ ಇದೆ. ತಡವಾಗಿದ್ದಕ್ಕೆ ಕಾರಣವನ್ನೂ ಸೇರಿಸಿ.

ಅಷ್ಟಾಗಿಯೂ ವಜಾ ಆದರೆ, ಅದೇ ಸಂಹಿತೆಯ ಆದೇಶ 43ರ ಅಡಿ ಮೇಲ್ಮನವಿ ಇದೆ. ಜಿಲ್ಲಾ ನ್ಯಾಯಾಲಯಕ್ಕಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ಗಂಗಾವತಿ ಇರುವ ಕೊಪ್ಪಳ ಜಿಲ್ಲೆಯವರಿಗೆ ಹೈಕೋರ್ಟ್ ಅಂದರೆ ಧಾರವಾಡ ಪೀಠ.