ಮಾಂಕ್ಟನ್‌ಗೆ ಬರುವ ಮುಂಚೆ ಆ ಕಾದಂಬರಿ ಓದಿ ಮುಗಿಸಿ

ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ನಮ್ಮ ಮಾಂಕ್ಟನ್‌ನಲ್ಲಿ ಫ್ರೆಂಚ್ ಬೇಕೇ ಬೇಕಾ ಅಂತ ಕೇಳಿದ್ದೀರಿ. ಈಗ ಓದುತ್ತಿರುವ ಅಕೇಡಿಯನ್ (ಈ ಕಡೆ ಹಿಂದೆಯೇ ಬಂದು ನೆಲೆಸಿದ ಫ್ರೆಂಚ್ ಮಾತಿನ ಜನ) ನಿರಾಶ್ರಿತರ ಪ್ರೇಮಕಥೆಯಲ್ಲಿ ಇರುವಂತೆ ನಿಜಕ್ಕೂ ನಡೆದಿತ್ತಾ ಅಂತಲೂ ಕೇಳಿದ್ದೀರಿ. ಇಲ್ಲಿ ಬದುಕುವವರಿಗೆ ಇವು ಬೇರೆ ಬೇರೆ ಪ್ರಶ್ನೆಗಳಲ್ಲ.

ನಡೆದಿತ್ತು. 1755ರ ಸೆಪ್ಟೆಂಬರ್ 5ರಂದು, ಈಗಿನ ನೋವಾ ಸ್ಕೋಷಿಯಾ ಪ್ರಾಂತ್ಯದಲ್ಲಿರುವ ಅಕೇಡಿಯನ್ನರ ಊರು ಗ್ರಾಂಪ್ರೆಯ ಗಂಡಸರನ್ನೂ ಹುಡುಗರನ್ನೂ ಚರ್ಚಿಗೆ ಕರೆಸಿದರು. ನಿಮ್ಮ ಜಮೀನು, ಮನೆ, ದನಕರು ಎಲ್ಲ ಇನ್ನು ರಾಜನದು, ನಿಮ್ಮನ್ನು ಇಲ್ಲಿಂದ ಸಾಗಿಸುತ್ತೇವೆ ಅಂತ ಬ್ರಿಟಿಷರ ಕಡೆಯ ಕರ್ನಲ್ ವಿನ್ಸ್‌ಲೋ ಆಜ್ಞೆ ಓದಿಸಿದ. ಬ್ರಿಟಿಷ್ ರಾಜನಿಗೆ ಷರತ್ತಿಲ್ಲದೆ ನಿಷ್ಠೆಯ ಪ್ರಮಾಣ ಮಾಡಲು ಅಕೇಡಿಯನ್ನರು ಒಪ್ಪಿರಲಿಲ್ಲ, ಅದೇ ಕಾರಣ. ಐದು ದಿನ ಬಿಟ್ಟು ಹುಡುಗರನ್ನು ಮೊದಲು ಹಡಗು ಹತ್ತಿಸಲು ಹೊರಟಾಗ, ಅಪ್ಪಂದಿರನ್ನು ಬಿಟ್ಟು ಹೋಗಲ್ಲ ಅಂತ ಅವರು ನಿಂತುಬಿಟ್ಟರು. ಸೈನಿಕರು ಬಂದೂಕಿಗೆ ಬಯೊನೆಟ್ ಸಿಕ್ಕಿಸಿ ಅವರನ್ನು ನಡೆಸಿದರು. ಹುಡುಗರು ಪ್ರಾರ್ಥಿಸುತ್ತ, ಹಾಡುತ್ತ, ಅಳುತ್ತ ಹೋದರು, ದಾರಿಯುದ್ದಕ್ಕೂ ಹೆಂಗಸರು, ಮಕ್ಕಳು ಮೊಣಕಾಲೂರಿ ಗೋಳಾಡುತ್ತ ಪ್ರಾರ್ಥಿಸುತ್ತಿದ್ದರು ಅಂತ ವಿನ್ಸ್‌ಲೋ ತನ್ನ ದಿನಚರಿಯಲ್ಲೇ ಬರೆದಿದ್ದಾನೆ. ಹಾಗಾಗಿ ನಿಮ್ಮ ಕಾದಂಬರಿಯ ಹುಡುಗ ಹುಡುಗಿ ಬೇರೆ ಬೇರೆ ಹಡಗಿನ ಪಾಲಾಗುವುದು ಸುಮ್ನೆ ಕಟ್ಟಿದ ಕತೆಯಲ್ಲ.

ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಸಾವಿರ ಜನರನ್ನು ಹೀಗೆ ಓಡಿಸಿದರು. ಕೆಲವರು ಕಾಡು ಸೇರಿ ಬದುಕಿದರು, ಎಷ್ಟೋ ಜನ ದಾರಿಯಲ್ಲೇ ಸತ್ತರು, ಕೊನೆಗೆ ಲೂಯಿಸಿಯಾನ ಮುಟ್ಟಿದವರೂ ಇದ್ದಾರೆ. 1764ರಲ್ಲಿ ಮರಳಲು ಅನುಮತಿ ಸಿಕ್ಕಿತು. ಆದರೆ ಸಮುದ್ರದ ಉಬ್ಬರಕ್ಕೆ ಒಡ್ಡು ಕಟ್ಟಿ, ಮಳೆನೀರು ಹೊರಗೆ ಹೋಗುವಂತೆ, ಉಪ್ಪುನೀರು ಒಳಗೆ ಬಾರದಂತೆ ಮರದ ತೂಬು ಇಟ್ಟು, ಅಜ್ಜ ಮುತ್ತಜ್ಜಂದಿರು ಜೌಗಿನಿಂದ ಮಾಡಿದ್ದ ಹೊಲಗಳಲ್ಲಿ ಅಷ್ಟೊತ್ತಿಗೆ ನ್ಯೂ ಇಂಗ್ಲೆಂಡಿನಿಂದ ಬಂದವರು ಬೆಳೆ ತೆಗೆಯುತ್ತಿದ್ದರು. ನನಗೆ ಇಡೀ ಕತೆಯಲ್ಲಿ ತುಂಬಾ ಸಂಕಟ ಕೊಡುವುದು ಇದೇ.

ಆ ಅಕೇಡಿಯನ್ನರ ವಂಶದವರೇ ಇಲ್ಲಿ ನಿಮ್ಮ ಅಕ್ಕಪಕ್ಕದವರು, ಆಫೀಸಿನವರು. ಇಂಗ್ಲಿಷ್ ಒಂದರಲ್ಲೇ ಮಾಂಕ್ಟನ್‌ನಲ್ಲಿ ಬದುಕಬಹುದು, ನಿಜ. ಆದರೆ ಕೆನಡಾದಲ್ಲಿ ಇಂಗ್ಲಿಷ್, ಫ್ರೆಂಚ್ ಎರಡೂ ಭಾಷೆ ಅಧಿಕೃತವಾಗಿರುವ ಪ್ರಾಂತ್ಯ ನ್ಯೂ ಬ್ರನ್ಸ್‌ವಿಕ್ ಒಂದೇ, 1969ರಿಂದ. ಕೌಂಟರ್, ಆಸ್ಪತ್ರೆ, ಸರ್ಕಾರಿ ಕೆಲಸಗಳಿಗೆ ಎರಡೂ ಬಲ್ಲವರನ್ನೇ ಜಾಸ್ತಿ ಕೇಳುತ್ತಾರೆ. ಕೆಲಸಕ್ಕಾಗಿ ಕಲಿಯಿರಿ, ಆದರೆ ಅದಕ್ಕಷ್ಟೇ ಬೇಡ. ಇಷ್ಟೆಲ್ಲ ಆದಮೇಲೂ ಈ ಜನ ಬಿಡದೆ ಉಳಿಸಿಕೊಂಡ ಭಾಷೆ ಅದು, ಅಲ್ವಾ?

ಆಗಸ್ಟ್ 15 ಅವರಿಗೂ ರಾಷ್ಟ್ರೀಯ ಹಬ್ಬ. ನಕ್ಷತ್ರದ ಬಾವುಟ ಹಿಡಿದು, ಪಾತ್ರೆ, ಸೌಟು ಬಡಿಯುತ್ತ ಬೀದಿಯಲ್ಲಿ ಸಾಗುತ್ತಾರೆ. ನೀವೂ ಸೇರಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಊಟಕ್ಕೆ ಪುಟಿನ್ ರಾಪೇ ಕೊಟ್ಟರೆ ಮಾತ್ರ ಕೇಳಿ ತಿನ್ನಿ. ಹೊರಗೆ ಆಲೂಗಡ್ಡೆ ಉಂಡೆ, ಒಳಗೆ ಹಂದಿಮಾಂಸ ಇರುತ್ತದೆ. ಗ್ರಾಂಪ್ರೆಗೆ ಕಾರಿನಲ್ಲಿ ಸುಮಾರು ಮೂರು ಗಂಟೆ, ಬೇಸಿಗೆಯಲ್ಲೇ ಹೋಗಿ.