ಮಗಳು ಹಾಕಿಕೊಟ್ಟ ಸಿನಿಮಾ

ಪ್ರಶ್ನೆ: ಅಕ್ಕಾ, ನನಗೆ 42 ವರ್ಷ. ಯಜಮಾನರು ಹೋಗಿ ಆರು ವರ್ಷವಾಯಿತು. ತೋಟ, ಅಡಿಕೆ ಸುಲಿತ, ಅತ್ತೆಯ ಔಷಧಿ, ಇದರಲ್ಲೇ ದಿನ ಕಳೆಯುತ್ತದೆ. ರಜೆಗೆ ಬಂದ ಮಗಳು ಮೊಬೈಲಿನಲ್ಲಿ ‘ನಾತಿಚರಾಮಿ’ ಸಿನಿಮಾ ಹಾಕಿಕೊಟ್ಟು, “ಆಯಿ, ನೀನೊಬ್ಬಳೇ ನೋಡು” ಎಂದು ಮಲಗಲು ಹೋದಳು. ಅವತ್ತಿನಿಂದ ನಿದ್ದೆಯಿಲ್ಲ. ಅದರಲ್ಲಿನ ವಿಧವೆ ಗೌರಿಯ ಮೈಗೆ ಅನ್ನಿಸಿದ್ದು ನನಗೂ ಅನ್ನಿಸುತ್ತದೆ. ಇದು ಅವರಿಗೆ ಬಗೆಯುವ ದ್ರೋಹವೇ?
— ಹೆಸರು ಬೇಡ, ಶಿರಸಿ ತಾಲೂಕು

ಉತ್ತರ: ಅಲ್ಲ ತಂಗೀ. ಖಂಡಿತ ಅಲ್ಲ.

ಸಿನಿಮಾದ ಹೆಸರನ್ನೇ ನೋಡು. “ಧರ್ಮೇ ಚ ಅರ್ಥೇ ಚ ಕಾಮೇ ಚ ನಾತಿಚರಾಮಿ” ಎಂದು ಪುರೋಹಿತರು ಹೇಳಿಸುವುದು ಮದುಮಗನ ಬಾಯಿಂದ. ಇವಳನ್ನು ಮೀರಿ ನಡೆಯುವುದಿಲ್ಲ ಎಂದು ಮಾತು ಕೊಡುವವನು ಅವನು. ಅದರಲ್ಲಿ ಧರ್ಮದ ಸಾಲಿನಲ್ಲೇ ಕಾಮವೂ ಕೂತಿದೆ. ಹಿರಿಯರೆಲ್ಲ ಕೂತು ಕೇಳುವ ಮಾತು ಅದು. ಮದುವೆಯ ಮನೆಯಲ್ಲಿ ನಾಚಿಕೆಯಾಗದ್ದು ಆಮೇಲೆ ನಿನ್ನೊಬ್ಬಳಿಗೇ ಯಾಕೆ ನಾಚಿಕೆಯಾಗಬೇಕು?

ನನ್ನ ಚಿಕ್ಕಮ್ಮ 26ಕ್ಕೆ ವಿಧವೆಯಾದವಳು. ಕುಮಟಾದ ಮನೆ. ನಡುರಾತ್ರಿ ಎದ್ದು ಬಾವಿಕಟ್ಟೆಯಲ್ಲಿ ಕೊಡಪಾನಗಟ್ಟಲೆ ನೀರು ಸುರಿದುಕೊಳ್ಳುತ್ತಿದ್ದಳು. ರಾಟೆಯ ಕಿರ್ರೆನ್ನುವ ಸದ್ದಿಗೆ ನನಗೆ ಎಚ್ಚರಾಗುತ್ತಿತ್ತು. ಉಷ್ಣದ ಮೈ ಎನ್ನುತ್ತಿದ್ದರು ಮನೆಯವರು. ಎಳನೀರು, ಲಾವಂಚದ ನೀರು ಕೊಡುತ್ತಿದ್ದರು. ನನಗೂ ಅರ್ಥವಾದದ್ದು ಅವಳು ಹೋದ ಮೇಲೆಯೇ. ನಿನ್ನ ಪತ್ರ ಓದುವಾಗ ಆ ರಾಟೆಯ ಸದ್ದೇ ಕಿವಿಯಲ್ಲಿತ್ತು.

2018ರ ಈ ಚಿತ್ರದಲ್ಲಿ ಗೌರಿಯ ಮನಸ್ಸೆಲ್ಲ ತೀರಿಹೋದ ಗಂಡನಲ್ಲಿದೆ, ಮೈ ಬೇರೆಯದನ್ನೇ ಕೇಳುತ್ತದೆ. ನಿರ್ದೇಶಕ ಮಂಸೋರೆ ಇದನ್ನು ರೋಗವೆಂದೂ ಪಾಪವೆಂದೂ ತೋರಿಸುವುದಿಲ್ಲ. ಗೌರಿಯಾಗಿ ನಟಿಸಿದ ಶ್ರುತಿ ಹರಿಹರನ್ ಮುಖದಲ್ಲಿ ಆ ಎಳೆದಾಟವನ್ನು ನೀನೇ ನೋಡಿದ್ದೀಯ. ಜೊತೆಗೆ ಅದೇ ಚಿತ್ರದ ಇನ್ನೊಬ್ಬ ಹೆಂಗಸು ಸುಮಾಳನ್ನೂ ನೆನಪಿಸಿಕೋ. ಗಂಡ ಎದುರಿಗೇ ಇದ್ದೂ ಅವಳಿಗೆ ಸುಖವಿಲ್ಲ. ನನ್ನನ್ನು ಹೆಚ್ಚು ಕಾಡಿದವಳು ಅವಳೇ.

ಪ್ರೇಮಾ ಕಾರಂತರ ‘ಫಣಿಯಮ್ಮ’ (1983) ಸಿಕ್ಕರೆ ಅದನ್ನೂ ನೋಡು. ಜನ ಬಾಲವಿಧವೆ ಫಣಿಯಮ್ಮನ ತ್ಯಾಗವನ್ನಷ್ಟೇ ಹೊಗಳುತ್ತಾರೆ. ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದಾಗ ಅವಳ ಪರ ನಿಂತವಳೂ ಇದೇ ಫಣಿಯಮ್ಮ, ಜೀವಮಾನವೆಲ್ಲ ಮಡಿಯಲ್ಲೇ ಕಳೆದವಳು.

ಇನ್ನೊಂದು ಮದುವೆಯಾಗು ಎಂದು ನಾನು ಹೇಳುತ್ತಿಲ್ಲ, ಬೇಡ ಎಂದೂ ಅಲ್ಲ. ವಿಧವೆಯ ಮದುವೆಗೆ 1856ರಿಂದಲೇ ಕಾನೂನಿನ ಒಪ್ಪಿಗೆಯಿದೆ. ಮಿಕ್ಕಿದ್ದು ನಿನಗೆ ಬಿಟ್ಟದ್ದು, ಅವಸರವೇನಿಲ್ಲ.

ಪತ್ರದಲ್ಲಿ ನೀನು ಒಂದೇ ಸಾಲಿನಲ್ಲಿ ದಾಟಿಸಿದ ಮಾತೊಂದಿದೆ. ಅಷ್ಟೆಲ್ಲ ಸಿನಿಮಾಗಳಿರುವಾಗ ಮಗಳು ಇದನ್ನೇ ಹುಡುಕಿ ಹಾಕಿಕೊಟ್ಟಿದ್ದಾಳೆ. ನಿನಗೆ ಮುಜುಗರವಾಗಬಾರದೆಂದು ಎದ್ದೂ ಹೋಗಿದ್ದಾಳೆ. ಅವಳು ಮತ್ತೆ ಬಂದಾಗ ಅತ್ತೆ ಮಲಗಿದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಇನ್ನೊಮ್ಮೆ ನೋಡಿ.