ದುಬೈಯಲ್ಲಿ ಆದಿತ್ಯವಾರ ರಜೆಯಾ?

ಶಾರ್ಜಾದಲ್ಲಿ ರೂಮು, ದುಬೈಯಲ್ಲಿ ಅಂಗಡಿ ಕೆಲಸ, ಆದಿತ್ಯವಾರ ರಜೆ ಸಿಗ್ತದಾ ಅಂತ ಕೇಳಿದ್ದೀರಿ. ಸರ್ಕಾರಿ ಕಚೇರಿಯವರಿಗೆ ಸಿಗ್ತದೆ. ನಿಮಗೆ, ಒಪ್ಪಂದದಲ್ಲಿ ಯಾವ ದಿನ ಬರೆದಿದೆಯೋ ಆ ದಿನ.

2021ರ ಕೊನೆಯವರೆಗೆ ಯುಎಇಯಲ್ಲಿ, ಅಂದರೆ ದುಬೈ, ಶಾರ್ಜಾ ಎರಡೂ ಇರುವ ದೇಶದಲ್ಲಿ, ಶುಕ್ರವಾರ, ಶನಿವಾರ ರಜೆ. ಆದಿತ್ಯವಾರ ವಾರದ ಮೊದಲ ಕೆಲಸದ ದಿನ. ಅರಬಿಯಲ್ಲಿ ಅದರ ಹೆಸರು ‘ಅಲ್ ಅಹದ್’, ಅಂದರೆ ಒಂದನೆಯದು. ನಾವು ಸೂರ್ಯನ ಹೆಸರಿಟ್ಟ ದಿನಕ್ಕೆ ಅವರು ಸಂಖ್ಯೆ ಇಟ್ಟಿದ್ದಾರೆ. 2022ರ ಜನವರಿಯಿಂದ ಸರ್ಕಾರಿ ಕಚೇರಿಗಳಿಗೆ ಶನಿವಾರ, ಆದಿತ್ಯವಾರ ಪೂರ್ತಿ ರಜೆ, ಶುಕ್ರವಾರ ಜುಮಾ ನಮಾಜಿಗಾಗಿ ಅರ್ಧ ದಿನ. ಶಾರ್ಜಾ ಸರ್ಕಾರಕ್ಕೆ ಶುಕ್ರವಾರವೂ ಸೇರಿ ಮೂರು ದಿನ. ಸೌದಿ, ಕುವೈತ್, ಕತಾರ್, ಒಮಾನಿನಲ್ಲಿ ಈಗಲೂ ಶುಕ್ರವಾರ, ಶನಿವಾರವೇ. ಅಲ್ಲಿರುವ ಊರಿನವರು ಹೇಳಿದ್ದನ್ನು ದುಬೈಗೆ ಹಚ್ಚಬೇಡಿ.

ಈಗ ನಿಮ್ಮ ಒಪ್ಪಂದ. 2021ರ ಕಾರ್ಮಿಕ ಕಾನೂನಿನ ಪ್ರಕಾರ ವಾರಕ್ಕೆ ಕನಿಷ್ಠ ಒಂದು ದಿನ ಸಂಬಳ ಸಹಿತ ರಜೆ ಕೊಡಲೇಬೇಕು. ಅದು ಆದಿತ್ಯವಾರವೇ ಆಗಬೇಕೆಂದಿಲ್ಲ. ಅಂಗಡಿ, ಹೋಟೆಲಿನವರಿಗೆ ಮಂಗಳವಾರವೂ ಬರಬಹುದು. ರಜೆಯ ದಿನ ಕೆಲಸಕ್ಕೆ ಕರೆದರೆ ಬದಲಿ ರಜೆ ಕೊಡಬೇಕು, ಇಲ್ಲವೇ ಆ ದಿನದ ಸಂಬಳದ ಜೊತೆಗೆ ಮೂಲ ವೇತನದ ಕನಿಷ್ಠ 50 ಶೇಕಡಾ ಹೆಚ್ಚಿಗೆ. ಹೆಚ್ಚಿನವರು ತಪ್ಪುವುದು ಈ ಲೆಕ್ಕದಲ್ಲೇ. ದಿನದ ಸಂಬಳ 100 ದಿರ್ಹಾಮ್, ಅದರಲ್ಲಿ ಮೂಲ ವೇತನ 60 ಅಂದುಕೊಳ್ಳಿ: ಸಿಗುವುದು 150 ಅಲ್ಲ, 130. ಹಾಗಾಗಿ ಸಹಿ ಹಾಕುವ ಮೊದಲು ಒಟ್ಟು ಸಂಬಳ ನೋಡಿ ಖುಷಿಪಡಬೇಡಿ, ಮೂಲ ವೇತನ ಎಷ್ಟೆಂದು ಬರೆಸಿಕೊಳ್ಳಿ. ದಿನಗೂಲಿಯವರನ್ನು ಬಿಟ್ಟರೆ ಸತತ ಎರಡಕ್ಕಿಂತ ಹೆಚ್ಚು ವಾರದ ರಜೆಗಳಲ್ಲಿ ದುಡಿಸುವಂತಿಲ್ಲ. ಕೆಲಸ ಮಾಡಿದ ತಾರೀಕುಗಳನ್ನು ಬರೆದಿಡಿ, ಕರೆದ ಮೆಸೇಜನ್ನೂ ಅಳಿಸಬೇಡಿ. ಬಾಯಿಮಾತಿನ ಕರೆ ದೂರು ಕೊಡುವಾಗ ನಿಲ್ಲುವುದಿಲ್ಲ.

ಎರಡು ಊರಿನ ನಡುವೆ ಓಡಾಡುವವರಿಗೆ ಇನ್ನೊಂದು. ದುಬೈಯಲ್ಲಿ ರಸ್ತೆ ಬದಿಯ ಪಾರ್ಕಿಂಗ್ ಆದಿತ್ಯವಾರ ಉಚಿತ, ಬಹುಮಹಡಿಯಲ್ಲಿ ಅಲ್ಲ. ಶಾರ್ಜಾದಲ್ಲಿ ಉಚಿತ ಶುಕ್ರವಾರ. ನೀಲಿ ಫಲಕ ಇದ್ದಲ್ಲಿ ಏಳೂ ದಿನ ದುಡ್ಡು. ಆದಿತ್ಯವಾರ ತಾನೇ ಎಂದು ಶಾರ್ಜಾದ ರೂಮಿನ ಕೆಳಗೆ ಗಾಡಿ ಬಿಟ್ಟು ಮಲಗಿದರೆ ದಂಡ ಬೀಳ್ತದೆ.

ದುಬೈ ಮೆಟ್ರೋ ಬೇರೆ ದಿನ ಬೆಳಿಗ್ಗೆ 5ಕ್ಕೆ ಶುರು, ಆದಿತ್ಯವಾರ 8ಕ್ಕೆ. ಆವತ್ತು 7ರ ಪಾಳಿ ಕೊಟ್ಟರೆ ಕಂಪೆನಿ ಗಾಡಿ ಉಂಟಾ ಅಂತ ಮೊದಲೇ ಕೇಳಿಡಿ.